ಫ್ರಿಜ್, ವಾಷಿಂಗ್ ಮಷೀನ್, ಬ್ಯಾಟರಿ: ನಮ್ಮೂರ ಅಂಗಡಿಯಲ್ಲೋ, ಶಿವಮೊಗ್ಗದ ದೊಡ್ಡ ಶೋರೂಮಿನಲ್ಲೋ?

ತೀರ್ಥಹಳ್ಳಿ_ತೋಟ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಒಳಗೆ, ಬಸ್ಸಿಳಿದು ಮಣ್ಣು ರಸ್ತೆಯಲ್ಲಿ ನಡೆಯಬೇಕಾದ ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ನಾನಿರುವುದು ಬೆಂಗಳೂರಲ್ಲಿ. ಈ ಸಲ ಅಡಿಕೆ ದುಡ್ಡು ಕೈಗೆ ಬಂದಿದೆ. ಹಳೇ ಫ್ರಿಜ್ ಬದಲಿಸಬೇಕು, ಅಮ್ಮನಿಗೆ ವಾಷಿಂಗ್ ಮಷೀನ್ ಬೇಕು, ಮಳೆಗಾಲಕ್ಕೆ ಮುಂಚೆ ಇನ್ವರ್ಟರ್ ಬ್ಯಾಟರಿ ಆಗಬೇಕು. ಉಳಿದರೆ 43 ಇಂಚಿನ ಟಿವಿ.

ಅಪ್ಪ ತೀರ್ಥಹಳ್ಳಿ ಪೇಟೆಯ ಒಂದು ಅಂಗಡಿ ಬಿಟ್ಟು ಬೇರೆ ಕಡೆ ಹೋಗಲು ಒಪ್ಪುವುದಿಲ್ಲ. ನಾನು ಶಿವಮೊಗ್ಗದ ದೊಡ್ಡ ಶೋರೂಮಿನಲ್ಲಿ ವಿಚಾರಿಸಿದೆ. ಅದೇ ಕಂಪನಿಯ ಫ್ರಿಜ್ಜಿಗೆ ಎರಡೂವರೆ ಸಾವಿರ ಕಡಿಮೆ. ಎಲ್ಲ ಸೇರಿದರೆ ಏಳೆಂಟು ಸಾವಿರದ ವ್ಯತ್ಯಾಸ ಬರುತ್ತದೆ. ಶಿವಮೊಗ್ಗ ನಮಗೆ 60 ಕಿಲೋಮೀಟರ್ ಮೇಲೆ. ಅಪ್ಪನದ್ದು ಒಂದೇ ಮಾತು: "ಹಾಳಾದ್ರೆ ಅಲ್ಲಿಂದ ಯಾರು ಬರ್ತಾರೆ?" ವಾರಂಟಿ ಕೊಡುವುದು ಕಂಪನಿ, ಅಂಗಡಿಯವರಲ್ಲ ಅಂತ ಎಷ್ಟು ಹೇಳಿದರೂ ಕೇಳುತ್ತಿಲ್ಲ. ಏಳೆಂಟು ಸಾವಿರ ಬಿಟ್ಟುಕೊಡುವಷ್ಟು ದೊಡ್ಡ ವಿಷಯವಾ ಇದು? ಅನುಭವ ಇದ್ದವರು ಹೇಳಿ.

ಮಲ್ಲೇಶ್ವರದ_ಮನೆಯಾಕೆ

ದೊಡ್ಡ ಅಂಗಡಿಗೇ ಹೋಗಿ. ಕಾರಣ ಬೆಲೆಯಲ್ಲ.

ಸಣ್ಣ ಅಂಗಡಿಯಲ್ಲಿ ನಾನು ಒಬ್ಬಳೇ ಹೋಗಿ ಬೆಲೆ ಕೇಳಿದರೆ "ಯಜಮಾನ್ರನ್ನ ಕರ್ಕೊಂಡು ಬನ್ನಿ ಮೇಡಂ, ಮಾತಾಡೋಣ" ಅಂತಾರೆ. ಏನು ಮಾತಾಡೋದು? ದುಡ್ಡು ಕೊಡುವವಳು ನಾನು, ಬಳಸುವವಳು ನಾನು. ನನಗೆ ಒಂದು ಬೆಲೆ, ಎದುರು ಮನೆಯವರಿಗೆ ಇನ್ನೊಂದು ಬೆಲೆ. ಮುಖ ನೋಡಿ ರೇಟು ಹೇಳುವ ಪದ್ಧತಿ ನನಗೆ ಆಗಿಬರುವುದಿಲ್ಲ. ದೊಡ್ಡ ಅಂಗಡಿಯಲ್ಲಿ ಬೆಲೆ ಚೀಟಿ ಅಂಟಿಸಿರುತ್ತಾರೆ. ಹತ್ತು ಮಷೀನಿನ ಬಾಗಿಲು ತೆಗೆದು, ಒಳಗೆ ಕೈ ಹಾಕಿ, ನನ್ನ ಬೆಡ್‌ಶೀಟ್ ಹಿಡಿಯುತ್ತಾ ಅಂತ ನೋಡಬಹುದು, ಯಾರೂ ಗೊಣಗುವುದಿಲ್ಲ. ಸಣ್ಣ ಅಂಗಡಿಯಲ್ಲಿ ಎರಡು ಮಾಡೆಲ್ ಹೊರಗಿರುತ್ತವೆ, ಉಳಿದದ್ದು ಕ್ಯಾಟಲಾಗಿನಲ್ಲಿ. ಊರಿನ ಅಂಗಡಿ ಉಳಿಯಬೇಕು ಅನ್ನುವವರು ಹೆಂಗಸರನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದನ್ನೂ ಮಾತಾಡಲಿ.

ಅರಸೀಕೆರೆ_ಅಂಗಡಿ

ಮಲ್ಲೇಶ್ವರದ ಮೇಡಂ ಹೇಳಿದ್ದು ನೇರವಾಗಿ ತಗೋತೀನಿ. ಹಾಗೆ ಮಾತಾಡೋ ಅಂಗಡಿಯವರು ಇದ್ದಾರೆ, ಅಂಥವರ ವ್ಯಾಪಾರ ಹೋಗಲೇಬೇಕು.

ನಾನು ಅರಸೀಕೆರೆ ಕಡೆಯ ಸಣ್ಣ ಪೇಟೆಯಲ್ಲಿ ಇದೇ ವ್ಯಾಪಾರ ಮಾಡೋನು. ಬೆಲೆ ಎಲ್ಲಿಂದ ಬರುತ್ತೆ ಅಂತ ಹೇಳ್ತೀನಿ, ಆಮೇಲೆ ನೀವೇ ನಿರ್ಧಾರ ಮಾಡಿ. ಡಬ್ಬದ ಮೇಲಿರೋದು ಎಂಆರ್‌ಪಿ. ಆ ಬೆಲೆಗೆ ಫ್ರಿಜ್ ತಗೊಂಡವರನ್ನ ನಾನಂತೂ ನೋಡಿಲ್ಲ. ಅದರ ಕೆಳಗೆ ಎಂಒಪಿ ಅಂತ ಒಂದಿದೆ, ಮಾರ್ಕೆಟ್‌ನಲ್ಲಿ ಇದಕ್ಕಿಂತ ಇಳೀಬೇಡಿ ಅಂತ ಕಂಪನಿ ಕಡೆಯವರು ಬಾಯಲ್ಲಿ ಹೇಳೋ ಬೆಲೆ. ಅದರ ಕೆಳಗೆ ಡಿಪಿ, ಅಂದ್ರೆ ಡಿಸ್ಟ್ರಿಬ್ಯೂಟರ್ ನಮಗೆ ಬಿಲ್ ಮಾಡೋ ಬೆಲೆ. ಡಿಪಿಗೂ ಎಂಒಪಿಗೂ ನಡುವೆ ಇರೋದೇ ನಮ್ಮ ಬಾಡಿಗೆ, ಹುಡುಗರ ಸಂಬಳ, ಟೆಂಪೋ ಖರ್ಚು. ತಿಂಗಳ ಟಾರ್ಗೆಟ್ ಮುಟ್ಟಿದರೆ ಸ್ಕೀಮ್ ದುಡ್ಡು ಆಮೇಲೆ ಬರುತ್ತೆ, ಮುಟ್ಟದಿದ್ರೆ ಇಲ್ಲ. ಊರೂರಲ್ಲಿ ಮಳಿಗೆ ಇರೋ ದೊಡ್ಡ ಚೈನಿನವರು ಕಂಪನಿ ಹತ್ರ ನೇರವಾಗಿ ಸಾವಿರಾರು ಪೀಸ್ ಎತ್ತುತ್ತಾರೆ. ಆಗಸ್ಟ್ 15, ದೀಪಾವಳಿ ಹೊತ್ತಲ್ಲಿ ಅವರು ಮಾರೋ ಬೆಲೆ ಕೆಲವು ಸಲ ನನ್ನ ಡಿಪಿಗಿಂತ ಕಡಿಮೆ ಇರುತ್ತೆ. ಆಗ ನಾನು ಗಿರಾಕಿಗೆ ಹೇಳಿಬಿಡ್ತೀನಿ, ಇದಕ್ಕೆ ನನ್ನ ಕೈಲಿ ಆಗಲ್ಲ, ಅಲ್ಲೇ ತಗೊಳ್ಳಿ ಅಂತ.

ತೀರ್ಥಹಳ್ಳಿಯವರೇ, ಒಂದು ವಿಷಯ ನೋಡಿದ್ರಾ? ಮಾಡೆಲ್ ನಂಬರ್ ಕೊನೇ ಅಕ್ಷರದವರೆಗೂ ಒಂದೇ ಇದೆಯಾ? ಚೈನ್ ಅಂಗಡಿಗೆ, ಆನ್‌ಲೈನ್‌ಗೆ ಅಂತಲೇ ಕಂಪನಿಗಳು ಬೇರೆ ನಂಬರ್ ಬಿಡೋದುಂಟು. ನೋಡೋಕೆ ಒಂದೇ ಥರ, ಲೀಟರ್ ಒಂದೇ, ಆದರೆ ಗಾಜಿನ ತಟ್ಟೆ ಬದಲು ತಂತಿ ತಟ್ಟೆ, ಇಲ್ಲಾ ಕರೆಂಟ್ ಉಳಿತಾಯದ ಸ್ಟಾರ್ ಒಂದು ಕಡಿಮೆ. ಪೂರ್ತಿ ನಂಬರ್ ಬರ್ಕೊಂಡು ಹೋಗಿ ನಿಮ್ಮ ಪೇಟೆ ಅಂಗಡಿಯಲ್ಲಿ ಕೇಳಿ. ವ್ಯತ್ಯಾಸ ಅರ್ಧ ಕರಗಬಹುದು.

ಹಳೆ_ಪ್ರಮೋಟರ್

ಬೆಂಗಳೂರಿನ ಒಂದು ದೊಡ್ಡ ಚೈನಿನ ಮಳಿಗೆಯಲ್ಲಿ ಕೆಲವು ವರ್ಷ ನಿಂತು ಟಿವಿ, ವಾಷಿಂಗ್ ಮಷೀನ್ ಮಾರಿದವನು ನಾನು. ಈಗ ಬೇರೆ ಕೆಲಸದಲ್ಲಿದ್ದೇನೆ. ಅಲ್ಲಿ ಕಂಪನಿಯ ಹೆಸರಿನ ಟೀಶರ್ಟ್ ಹಾಕಿಕೊಂಡು "ಹೇಳಿ ಸರ್, ಯಾವುದು ನೋಡ್ತಿದೀರಾ" ಅಂತ ಬರುವ ಹುಡುಗರಲ್ಲಿ ಬಹಳಷ್ಟು ಜನ ಆ ಅಂಗಡಿಯ ನೌಕರರೇ ಅಲ್ಲ. ಕಂಪನಿ ನಿಲ್ಲಿಸಿದ ಪ್ರಮೋಟರ್‌ಗಳು. ಅವರ ಸಂಬಳ, ಇನ್ಸೆಂಟಿವ್ ಎರಡೂ ಆ ಬ್ರಾಂಡು ಎಷ್ಟು ಹೋಯಿತು ಅನ್ನುವುದರ ಮೇಲೆ. ಹಾಗಾಗಿ ನಾಲ್ಕು ಕಂಪನಿಯ ಮಷೀನನ್ನು ಪಕ್ಕಪಕ್ಕ ಇಟ್ಟು ನ್ಯಾಯವಾಗಿ ಹೋಲಿಸಿ ಹೇಳುತ್ತಾರೆ ಅಂತ ಅವರಿಂದ ನಿರೀಕ್ಷೆ ಮಾಡಬೇಡಿ. ಒಬ್ಬರ ಹತ್ತಿರ ಕೇಳಿ, ಅದೇ ಪ್ರಶ್ನೆಯನ್ನು ಪಕ್ಕದ ಕಂಪನಿಯ ಹುಡುಗನಿಗೂ ಕೇಳಿ. ಇಬ್ಬರೂ ಒಪ್ಪುವ ಮಾತನ್ನು ಮಾತ್ರ ಮನಸ್ಸಲ್ಲಿಟ್ಟುಕೊಳ್ಳಿ.

ಇನ್ನು ಬಿಲ್ ಕೌಂಟರ್. ಮಷೀನಿನ ಮೇಲೆ ಇಳಿಸಿದ ಬೆಲೆಯನ್ನು ಅಂಗಡಿಯವರು ಅಲ್ಲಿ ವಾಪಸ್ ಪಡೆಯುತ್ತಾರೆ: ದುಡ್ಡು ಕೊಟ್ಟು ಹೆಚ್ಚಿನ ವರ್ಷಕ್ಕೆ ಪಡೆಯುವ ಎಕ್ಸ್‌ಟೆಂಡೆಡ್ ವಾರಂಟಿ, ಸ್ಟೆಬಿಲೈಸರ್, ಸ್ಟ್ಯಾಂಡ್, ಇನ್‌ಲೆಟ್ ಪೈಪು, ಕವರ್. ನಮಗೆ ದಿನಾ ಸಂಜೆ ಲೆಕ್ಕ ಕೇಳುತ್ತಿದ್ದದ್ದು ಎಷ್ಟು ಟಿವಿ ಹೋಯಿತು ಅಂತಲ್ಲ, ಎಷ್ಟು ಟಿವಿಗೆ ವಾರಂಟಿ ಅಂಟಿಸಿದಿರಿ ಅಂತ. ಎಕ್ಸ್‌ಟೆಂಡೆಡ್ ವಾರಂಟಿ ಕೆಟ್ಟದ್ದು ಅನ್ನುತ್ತಿಲ್ಲ. ಆದರೆ ಅದು ಮಷೀನ್ ಮಾಡಿದ ಕಂಪನಿಯದ್ದಾ, ಚೈನ್ ಅಂಗಡಿಯ ಸ್ವಂತದ್ದಾ, ಇಲ್ಲಾ ಮೂರನೆಯವರ ವಿಮೆಯಾ ಅಂತ ಕೇಳದೆ ತಗೊಳ್ಳಬೇಡಿ. ಅಂಗಡಿಯ ಸ್ವಂತದ್ದಾದರೆ ಅಂಗಡಿ ಇರುವವರೆಗೆ ಮಾತ್ರ ಅದಕ್ಕೆ ಬೆಲೆ. ಫ್ಯೂಚರ್ ಗ್ರೂಪಿನ ಈಝೋನ್, ವಿಡಿಯೋಕಾನಿನ ನೆಕ್ಸ್ಟ್ ಒಂದು ಕಾಲಕ್ಕೆ ಎಷ್ಟು ದೊಡ್ಡ ಹೆಸರು. ಇವತ್ತು ಆ ಬೋರ್ಡು ಎಲ್ಲಿದೆ?

ಡಿಸ್‌ಪ್ಲೇ ಪೀಸ್ ಬಗ್ಗೆಯೂ ಎಚ್ಚರ. ಬೆಳಿಗ್ಗೆಯಿಂದ ರಾತ್ರಿವರೆಗೆ ಫುಲ್ ಬ್ರೈಟ್‌ನೆಸ್‌ನಲ್ಲಿ ಓಡಿದ ಟಿವಿ ಅದು. "ಕೊನೇ ಪೀಸ್, ಸ್ಪೆಷಲ್ ರೇಟ್" ಅಂದರೆ ಡಬ್ಬದ ಸೀಲ್ ನಿಮ್ಮ ಮುಂದೆ ಒಡೆಯಲಿ ಅಂತ ಹೇಳಿ. ಇದು ಸಣ್ಣ ಅಂಗಡಿಗೂ ಅನ್ವಯ.

ಕಡಲತಡಿ

ಎಂತ ಚರ್ಚೆ ಮಾರಾಯ್ರೆ, ಒಳ್ಳೇದುಂಟು. ಆದ್ರೆ ಸಣ್ಣದು, ದೊಡ್ಡದು ಅಂತ ಎರಡೇ ಮಾಡ್ಲಿಕ್ಕೆ ಆಗುದಿಲ್ಲ. ನಮ್ಮ ಉಡುಪಿಯ ಹರ್ಷ ಅನ್ನುವ ಅಂಗಡಿ ಇಲ್ಲಿಯದ್ದೇ, ಈಗ ಬೇರೆ ಬೇರೆ ಊರಲ್ಲಿ ಮಳಿಗೆ ಉಂಟು. ಬೆಂಗಳೂರಲ್ಲಿ ಗಿರಿಯಾಸ್, ಆದೀಶ್ವರ್, ಪೈ. ಟಾಟಾದವರ ಕ್ರೋಮಾ ಶುರುವಾದದ್ದು 2006ರಲ್ಲಿ, ರಿಲಯನ್ಸ್ ಡಿಜಿಟಲ್ 2007ರಲ್ಲಿ. ಅದಕ್ಕಿಂತ ಮೊದಲೇ ನಮ್ಮ ಕಡೆಯವರು ದೊಡ್ಡ ಅಂಗಡಿ ನಡೆಸಿದ್ದಾರೆ. ಇಂಥ ನಡುವಿನವರ ಹತ್ರ ಬೆಲೆಯೂ ಸರಿ ಇರ್ತದೆ, ಫೋನ್ ಮಾಡಿದ್ರೆ ಕನ್ನಡದಲ್ಲಿ ಮಾತಾಡುವ ಜನವೂ ಸಿಗ್ತಾರೆ.

ಏಸಿ ತಗೊಳ್ಳುವವರಿದ್ರೆ ಮಾತ್ರ ಕೇಳಿ. ಕಡಲ ಬದಿಯ ಮನೆಗೆ ಹೊರಗಿನ ಯುನಿಟ್ ಉಪ್ಪುಗಾಳಿಗೆ ಬೇಗ ತಿಂದು ಹೋಗ್ತದೆ. ಕಾಯಿಲ್ ತಾಮ್ರದ್ದಾ, ಮೇಲೆ ಕೋಟಿಂಗ್ ಉಂಟಾ, ಯುನಿಟ್ ಯಾವ ದಿಕ್ಕಿಗೆ ಕೂರಿಸ್ಬೇಕು, ಇದನ್ನೆಲ್ಲ ಮಲ್ಪೆ, ಕಾಪು ಬದಿಯಲ್ಲಿ ಏಸಿ ಹಾಕಿ ಹಾಕಿ ಕೈ ಪಳಗಿದವನೇ ಹೇಳ್ಬೇಕು. ದೊಡ್ಡ ಮಳಿಗೆಯಲ್ಲಿ ಏಸಿಯನ್ನು ಒಬ್ಬ ಮಾರುದು, ಹಾಕ್ಲಿಕ್ಕೆ ಬರುದು ಇನ್ನೊಬ್ಬ. ಮಾರಿದವನು ಹಾಕುವವನ ಮುಖ ನೋಡಿರುದಿಲ್ಲ.

ಸ್ಪ್ಯಾನರ್_ಮೈಸೂರು

ಕಡಲತಡಿಯವರು ಹೇಳಿದ್ದು ಸರಿಯಾದ ಜಾಗಕ್ಕೆ ಬಂತು. ನಾನು ಫ್ರಿಜ್, ಏಸಿ, ವಾಷಿಂಗ್ ಮಷೀನ್ ರಿಪೇರಿ ಮಾಡುವವನು. ಮೊದಲು ಆಥರೈಸ್ಡ್ ಸರ್ವಿಸ್ ಸೆಂಟರಲ್ಲಿದ್ದೆ, ಈಗ ಸ್ವಂತ.

ಏಸಿ ಅಂದರೆ ಅರ್ಧ ಮಷೀನು, ಅರ್ಧ ಕೂರಿಸುವ ಕೆಲಸ. ಪೈಪ್ ಫ್ಲೇರ್, ಅಂದರೆ ಜೋಡಿಸಲು ತುದಿ ಅಗಲಿಸುವುದು, ಸರಿಯಾಗಿ ಆಗಬೇಕು, ವ್ಯಾಕ್ಯೂಮ್ ಪಂಪ್ ಹಾಕಿ ಒಳಗಿನ ಗಾಳಿ, ತೇವ ತೆಗೆಯಬೇಕು. ಅವಸರದಲ್ಲಿ ಇರುವ ಹುಡುಗ ಪಂಪ್ ತರುವುದೇ ಇಲ್ಲ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿ ಮುಗಿಸುತ್ತಾನೆ. ಅಂಥ ಏಸಿ ಎರಡನೇ ಬೇಸಿಗೆಗೆ ತಣ್ಣಗಾಗುವುದಿಲ್ಲ. "ಇನ್‌ಸ್ಟಾಲೇಷನ್ ಫ್ರೀ" ಅಂತ ಬರೆದಿದ್ದರೂ ಸಾಮಾನ್ಯವಾಗಿ ಡಬ್ಬದ ಜೊತೆ ಬರುವುದು 3 ಮೀಟರ್ ತಾಮ್ರದ ಪೈಪು, ಅದಕ್ಕಿಂತ ಉದ್ದ ಬೇಕಾದರೆ, ಸ್ಟ್ಯಾಂಡ್ ಬೇಕಾದರೆ, ಗೋಡೆ ಕೊರೆಯಬೇಕಾದರೆ ಬೇರೆ ದುಡ್ಡು. ಎಲ್ಲಿ ತಗೊಂಡರೂ ಇದನ್ನು ಮೊದಲೇ ಬರೆಸಿಕೊಳ್ಳಿ.

ಈಗ ತೀರ್ಥಹಳ್ಳಿಯವರ ಪ್ರಶ್ನೆ. ವಾರಂಟಿ ಕಂಪನಿಯದ್ದು ಅನ್ನುವ ನಿಮ್ಮ ಮಾತು ಕಾಗದದ ಮೇಲೆ ಸರಿ. ಆದರೆ ವಾರಂಟಿ ಕಾರ್ಡನ್ನು ಪೂರ್ತಿ ಓದಿ. ಸರ್ವಿಸ್ ಸೆಂಟರ್ ಇರುವ ಊರಿನ ಮುನ್ಸಿಪಲ್ ಮಿತಿಯ ಹೊರಗಾದರೆ ಹೋಗಿಬರುವ ಖರ್ಚು ಗ್ರಾಹಕರದ್ದು ಅಂತ ಹಲವು ಕಾರ್ಡುಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿಮ್ಮದು ಊರಾಚೆಯ ಮನೆ. ತಗೊಳ್ಳುವ ಮೊದಲೇ ಕಂಪನಿಯ ಟೋಲ್‌ಫ್ರೀ ನಂಬರಿಗೆ ಫೋನ್ ಮಾಡಿ, ಅಪ್ಪನ ಮನೆಯ ಪಿನ್‌ಕೋಡ್ ಕೊಟ್ಟು, ಯಾವ ಸೆಂಟರಿನವರು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ, ಖರ್ಚು ಯಾರದ್ದು ಅಂತ ಕೇಳಿ. ಎರಡು ಕಂಪನಿಯಲ್ಲಿ ಯಾವುದು ಅಂತ ಗೊಂದಲ ಇದ್ದರೆ ಈ ಫೋನೇ ತೀರ್ಮಾನ ಮಾಡುತ್ತದೆ.

ಇನ್ನೊಂದು, ಫ್ರಿಜ್ ಬಾಗಿಲ ಮೇಲೆ "ಕಂಪ್ರೆಸರ್ ವಾರಂಟಿ 10 ವರ್ಷ" ಅಂತ ದೊಡ್ಡ ಸ್ಟಿಕ್ಕರ್ ಇರುತ್ತದೆ. ಈಗಿನ ಇನ್ವರ್ಟರ್ ಫ್ರಿಜ್ಜಲ್ಲಿ, ಅಂದರೆ ಕಂಪ್ರೆಸರ್ ವೇಗ ತಾನೇ ಹೊಂದಿಸಿಕೊಳ್ಳುವ ಫ್ರಿಜ್ಜಲ್ಲಿ, ವೋಲ್ಟೇಜ್ ಏರಿಳಿತಕ್ಕೆ, ಸಿಡಿಲಿಗೆ ಮೊದಲು ಹೋಗುವುದು ಎಲೆಕ್ಟ್ರಾನಿಕ್ ಬೋರ್ಡು. ಅದಕ್ಕೆ ವಾರಂಟಿ ಹೆಚ್ಚಿನ ಕಂಪನಿಗಳಲ್ಲಿ ಒಂದೇ ವರ್ಷ, ಸಿಡಿಲಿನಿಂದ ಹೋದರೆ ಅದೂ ಇಲ್ಲ. ಕಂಪ್ರೆಸರ್ ಫ್ರೀಯಾಗಿ ಕೊಟ್ಟರೂ ಗ್ಯಾಸ್ ತುಂಬಿಸುವ ಖರ್ಚು, ಕೂಲಿ ನಿಮ್ಮದೇ ಆಗುವುದು ಸಾಮಾನ್ಯ. ಮಲೆನಾಡಿನ ಒಂಟಿ ಮನೆಗೆ ಫ್ರಿಜ್ಜಿಗಿಂತ ಮೊದಲು ಅರ್ತಿಂಗ್ ನೋಡಿಸಿ.

ವಾಷಿಂಗ್ ಮಷೀನ್ ಬಗ್ಗೆ: ನೀರು ಎಲ್ಲಿಂದ? ಬಾವಿಯಾ, ಅಬ್ಬಿಯಾ?

ತೀರ್ಥಹಳ್ಳಿ_ತೋಟ

ಅಬ್ಬಿ ನೀರೇ ಸರ್. ಗುಡ್ಡದಿಂದ ಪೈಪಲ್ಲಿ ಸೀದಾ ಹಿತ್ತಲಿಗೆ ಬರುತ್ತದೆ. ಟ್ಯಾಂಕ್ ಸಣ್ಣದು, ಬಚ್ಚಲಿನ ಮಾಡಿನ ಮಟ್ಟದಲ್ಲಿದೆ.

ಸ್ಪ್ಯಾನರ್_ಮೈಸೂರು

ಹಾಗಾದರೆ ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಆಸೆ ಬಿಡಿ. ಟ್ಯಾಂಕ್ ಅಷ್ಟು ತಗ್ಗಿನಲ್ಲಿದ್ದರೆ ಪ್ರೆಷರ್ ಸಾಲದೆ ಮಷೀನು ಎರರ್ ತೋರಿಸಿ ನಿಲ್ಲುತ್ತದೆ. ಮಳೆಗಾಲದಲ್ಲಿ ಅಬ್ಬಿ ನೀರಲ್ಲಿ ಮಣ್ಣು, ಎಲೆಪುಡಿ ಬಂದು ಇನ್‌ಲೆಟ್ ಜಾಲರಿ ಕಟ್ಟುತ್ತದೆ. ಕರೆಂಟ್ ಮಧ್ಯೆ ಹೋದರೆ ಬಟ್ಟೆ ಒಳಗೇ, ಬಾಗಿಲು ಲಾಕ್. ಎರಡು ಟಬ್ಬಿನ ಸೆಮಿ ಆಟೋಮ್ಯಾಟಿಕ್ ಸಾಕು, ಬಕೆಟ್ಟಿನಲ್ಲಿ ನೀರು ಹೊಯ್ದರೂ ನಡೆಯುತ್ತದೆ, ಟೈಮರ್ ಹೋದರೆ ಪೇಟೆಯ ಯಾವ ಮೆಕ್ಯಾನಿಕ್ ಆದರೂ ಹಾಕಿಕೊಡುತ್ತಾನೆ. ಅಮ್ಮನಿಗೆ ಒದ್ದೆ ಬಟ್ಟೆ ಎತ್ತಿ ಪಕ್ಕದ ಟಬ್ಬಿಗೆ ಹಾಕುವ ಶಕ್ತಿ ಇದೆಯಾ ಅನ್ನುವುದೊಂದೇ ಪ್ರಶ್ನೆ. ಇಲ್ಲವಾದರೆ ಮೇಲಿಂದ ಬಟ್ಟೆ ಹಾಕುವ ಟಾಪ್ ಲೋಡ್ ತಗೊಂಡು, ಟ್ಯಾಂಕ್ ಎತ್ತರಿಸಿ, ಪೈಪಿಗೆ ಒಂದು ಫಿಲ್ಟರ್ ಹಾಕಿಸಿ.

ನೋಡಿ, ಈ ಪ್ರಶ್ನೆಯನ್ನು ಶಿವಮೊಗ್ಗದ ಶೋರೂಮಿನಲ್ಲಿ ಯಾರಾದರೂ ನಿಮಗೆ ಕೇಳಿದ್ರಾ? ನಿಮ್ಮ ಪೇಟೆ ಅಂಗಡಿಯವನು ಕೇಳಿದರೆ ಅವನಿಗೆ ಆ ಹೆಚ್ಚಿನ ದುಡ್ಡು ಕೊಡಬಹುದು. ಅವನೂ ಕೇಳದಿದ್ದರೆ ಕೊಡಬೇಕಾಗಿಲ್ಲ.

ಹುಬ್ಬಳ್ಳಿ_ಹುಡುಗ

ನಮಸ್ಕಾರ್ರೀ. ಎಲ್ಲಾರೂ ಬೆಲಿ ಮಾತು ಆಡಾಕತ್ತೀರಿ, ಕಂತಿನ ಮಾತು ಯಾರೂ ಎತ್ತವಲ್ರಿ. ನಮ್ಮ ಕೊಪ್ಪೀಕರ್ ರೋಡಿನ್ಯಾಗ ಹತ್ತು ಅಂಗಡಿ ಹೊಕ್ಕು ಬರ್ರಿ, ಸಣ್ಣದಿರ್ಲಿ ದೊಡ್ಡದಿರ್ಲಿ, ಬಾಗ್ಲಾಗನ "ಬಡ್ಡಿ ಇಲ್ಲದ ಕಂತು" ಅಂತ ಬೋರ್ಡ್ ಐತಿ. ರಿಸರ್ವ್ ಬ್ಯಾಂಕಿನವರು 2013ರಾಗನ ಬ್ಯಾಂಕಿನವರಿಗೆ ಹೇಳ್ಯಾರ, ಸೊನ್ನೆ ಬಡ್ಡಿ ಅನ್ನೂದು ಇಲ್ಲ, ಬಡ್ಡಿ ಎಲ್ಲೋ ಒಂದ್ಕಡೆ ಮುಚ್ಚಿಟ್ಟಿರ್ತದ ಅಂತ. ಈಗ ಏನ್ ಮಾಡ್ತಾರಂದ್ರ, ರೊಕ್ಕ ಒಮ್ಮೆಲೆ ಕೊಟ್ರ ಸಿಗೂ ರಿಯಾಯ್ತಿನ ಕಂತಿನವರಿಗೆ ಕೊಡೂದಿಲ್ಲ, ಅದನ್ನ ಬಡ್ಡಿಗೆ ಹೊಂದಿಸ್ತಾರ. ಮ್ಯಾಲೆ ಪ್ರೊಸೆಸಿಂಗ್ ಫೀ ಬ್ಯಾರೆ. ಕ್ರೆಡಿಟ್ ಕಾರ್ಡ್ ಕಂತಾದ್ರ ಬಡ್ಡಿ ಮ್ಯಾಲಿನ ಜಿಎಸ್‌ಟಿ ನಿಮ್ಮ ತಲಿ ಮ್ಯಾಲೆ.

ಅದಕ ಒಂದ ಕೇಳ್ರಿ: "ಇವತ್ತ ಪೂರ್ತಿ ರೊಕ್ಕ ಕೊಟ್ರ ಎಷ್ಟಕ್ಕ ಕೊಡ್ತೀರಿ?" ಆ ಬೆಲಿಗೂ ಕಂತಿನ ಒಟ್ಟು ಬೆಲಿಗೂ ಎಷ್ಟ ಫರಕ ಐತಿ, ಅದ ಬಡ್ಡಿ. ನಮ್ಮ ಮನ್ಯಾಗ ಅವ್ವ ಬಟ್ಟಿ ಅಂಗಡಿ ಕಿರಾಣಿ ಅಂಗಡಿ ಎಲ್ಲಾ ಉದ್ರಿ ಲೆಕ್ಕದಾಗ ಬೆಳದಾಕಿ, ಆಕಿಗೆ ಇದು ಒಂದ ಸೆಕೆಂಡಿನ್ಯಾಗ ತಿಳೀತು. ಇಂಜಿನಿಯರ್ ಓದಿದ ನನ್ನ ಗೆಳ್ಯಾರಿಗೆ ಇನ್ನೂ ತಿಳಿದಿಲ್ಲ.

ಅರಸೀಕೆರೆ_ಅಂಗಡಿ

ಹುಬ್ಬಳ್ಳಿಯವರು ಉದ್ರಿ ಅಂದ್ರಲ್ಲ. ನಮ್ಮ ಕಡೆ ತೆಂಗು, ಕೊಬ್ಬರಿ. ಕೊಬ್ಬರಿ ಮಾರಿದ ಮೇಲೆ ಕೊಡ್ತೀನಿ ಅಂತ ಮಷೀನ್ ತಗೊಂಡು ಹೋಗೋರು ಈಗಲೂ ಇದ್ದಾರೆ. ನಾನು ಬಡ್ಡಿ ಹಾಕಲ್ಲ, ಪ್ರೊಸೆಸಿಂಗ್ ಫೀನೂ ಇಲ್ಲ. ಸಾಲ ತೀರಿಸಿದ ದಾಖಲೆ ನೋಡಿ ಕೊಡೋ ಸಿಬಿಲ್ ಸ್ಕೋರ್ ಇಲ್ಲದ ರೈತನಿಗೆ ದೊಡ್ಡ ಮಳಿಗೆಯ ಕಂತು ಸಿಗಲ್ಲ. ಈ ಉದ್ರಿಯ ಖರ್ಚು ಯಾವ ಬೆಲೆ ಚೀಟಿಯಲ್ಲೂ ಕಾಣಲ್ಲ, ಆದರೆ ನನ್ನ ಬೆಲೆಯೊಳಗೆ ಅದೂ ಇದೆ.

ಮಲ್ಲೇಶ್ವರದ_ಮನೆಯಾಕೆ

ಅಂದರೆ ಪೂರ್ತಿ ದುಡ್ಡು ಕೊಟ್ಟು ತಗೊಳ್ಳುವ ನಾನು, ಉದ್ರಿಯವರ ಖರ್ಚನ್ನೂ ಕೊಡುತ್ತಿದ್ದೇನೆ ಅಂತ ಆಯಿತಲ್ಲ ಸರ್? ನೀವು ಒಳ್ಳೆಯವರೇ ಇರಬಹುದು. ಆದರೆ ಬೆಲೆ ಚೀಟಿಯಲ್ಲಿ ಕಾಣದ್ದು ಇದೆ ಅನ್ನುವುದೇ ನನ್ನ ತಕರಾರು.

ಅರಸೀಕೆರೆ_ಅಂಗಡಿ

ಅದು ನ್ಯಾಯವಾದ ಪ್ರಶ್ನೆ ಮೇಡಂ. ಪೂರ್ತಿ ಕೊಡೋರಿಗೆ ನಾನು ಬೇರೆ ಬೆಲೆ ಹೇಳ್ತೀನಿ, ಕೇಳದೇನೇ ಹೇಳ್ತೀನಿ. ಎಲ್ಲರೂ ಹೇಳ್ತಾರೆ ಅಂತ ಮಾತು ಕೊಡೋಕಾಗಲ್ಲ.

ತುಮಕೂರು_ವಕೀಲ

ಕಾನೂನಿನ ಕಡೆಯಿಂದ ಸ್ವಲ್ಪ. ಎಲ್ಲಿ ಕೊಂಡರೂ ಬಿಲ್ ತಗೊಳ್ಳಿ, ಅದರಲ್ಲಿ ಮಾಡೆಲ್ ನಂಬರ್ ಮತ್ತು ಸೀರಿಯಲ್ ನಂಬರ್ ಎರಡೂ ಇರಲಿ. "ಬಿಲ್ ಇಲ್ಲದೆ ಆದರೆ ಇಷ್ಟು ಕಡಿಮೆ" ಅನ್ನುವ ಅಂಗಡಿಯಿಂದ ಎದ್ದು ಬನ್ನಿ. ಬಿಲ್ ಇಲ್ಲವೆಂದರೆ ವಾರಂಟಿಯ ದಿನಾಂಕ ಸಾಬೀತು ಮಾಡುವುದೇ ಕಷ್ಟ.

ಗೋಡೆ ಮೇಲೆ "ಒಮ್ಮೆ ಮಾರಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ" ಅಂತ ಬರೆದಿರುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅಂದರೆ 2020ರ ಜುಲೈ 20ರಿಂದ ಜಾರಿಯಲ್ಲಿರುವುದು, ಇದರ ಬಗ್ಗೆ ಸ್ಪಷ್ಟವಾಗಿದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಇದಕ್ಕೆ ದೊಡ್ಡ ಅಂಗಡಿ, ಸಣ್ಣ ಅಂಗಡಿ ಅನ್ನುವ ಭೇದವಿಲ್ಲ.

ದೂರು ಕೊಡಬೇಕಾಗಿ ಬಂದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಬೆಲೆ 5 ಲಕ್ಷದವರೆಗೆ ಶುಲ್ಕವೇ ಇಲ್ಲ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿಯ ಕಚೇರಿ ಇರುವ ಊರಿಗೆ ಅಲೆಯಬೇಕಾಗಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅಂಗಡಿ ಮತ್ತು ಕಂಪನಿ ಎರಡನ್ನೂ ಎದುರುದಾರರನ್ನಾಗಿ ಮಾಡಿ, ಒಬ್ಬರ ಮೇಲೊಬ್ಬರು ಹಾಕಿ ಜಾರಿಕೊಳ್ಳುವುದು ಆಗ ತಪ್ಪುತ್ತದೆ.

ನನ್ನ ಹತ್ತಿರ ಬರುವವರಲ್ಲಿ ಕಾಣುವುದು ಇಷ್ಟು. ಚೈನ್ ಮಳಿಗೆಯ ಬಿಲ್ ಯಾವಾಗಲೂ ಅಚ್ಚುಕಟ್ಟಾಗಿರುತ್ತದೆ, ಹಳೆಯದನ್ನೂ ಫೋನ್ ನಂಬರ್ ಹೇಳಿ ತೆಗೆಸಬಹುದು. ಸಣ್ಣ ಅಂಗಡಿಯದ್ದು ಕೈಬರಹ, ಕಾರ್ಬನ್ ಪ್ರತಿ ಮಾಸಿರುತ್ತದೆ. ಆದರೆ ಸಣ್ಣ ಅಂಗಡಿಯವನ ಮೇಲೆ ಕೇಸು ಬರುವುದೇ ಅಪರೂಪ. ದಿನಾ ಎದುರಾಗುವ ಗಿರಾಕಿಯ ಜೊತೆ ಅವನು ಮೊದಲೇ ಇತ್ಯರ್ಥ ಮಾಡಿಕೊಂಡಿರುತ್ತಾನೆ.

ದೀಪಾವಳಿ_ಆಫರ್

ಇದೆಲ್ಲ ಇರಲಿ, ಈಗ ಜಿಎಸ್‌ಟಿ ಇಳಿದಿದೆಯಲ್ಲ, ಫ್ರಿಜ್, ವಾಷಿಂಗ್ ಮಷೀನ್ ಎಲ್ಲದರ ಬೆಲೆ ಇಳಿಯಲೇಬೇಕು. ಇಳಿಸದ ಡೀಲರ್ ಮೋಸ ಮಾಡ್ತಿದ್ದಾನೆ ಅಂತಲೇ ಅರ್ಥ.

ಹಳೆ_ಪ್ರಮೋಟರ್

ಹಾಗಲ್ಲ. 2025ರ ಸೆಪ್ಟೆಂಬರ್ 22ರಿಂದ 28 ಪರ್ಸೆಂಟಿನಿಂದ 18ಕ್ಕೆ ಇಳಿದದ್ದು ಏಸಿ, 32 ಇಂಚಿಗಿಂತ ದೊಡ್ಡ ಟಿವಿ, ಡಿಶ್‌ವಾಷರ್. ಫ್ರಿಜ್, ವಾಷಿಂಗ್ ಮಷೀನ್, ಮಿಕ್ಸಿ, ಗೀಸರ್ 2018ರ ಜುಲೈನಲ್ಲೇ 18ಕ್ಕೆ ಬಂದಿವೆ. ತೆರಿಗೆ ಬಿಟ್ಟು 40,000 ರೂಪಾಯಿಯ ಏಸಿ ಮೊದಲು 51,200, ಈಗ 47,200. ತೀರ್ಥಹಳ್ಳಿಯವರ ಪಟ್ಟಿಯಲ್ಲಿ 43 ಇಂಚಿನ ಟಿವಿಗೆ ಇದು ಲಾಭ, ಫ್ರಿಜ್ಜಿಗೆ ಏನೂ ಇಲ್ಲ. ಡೀಲರ್ ಮೇಲೆ ಸಿಟ್ಟಾಗುವ ಮೊದಲು ಯಾವ ಸಾಮಾನು ಅಂತ ನೋಡಿ.

ಬಿಸಿಲೂರು

ನಮ್ಮ ಕಲಬುರಗಿ ಕಡಿಂದ ಒಂದ್ ಮಾತ್ರೀ. ಏಪ್ರಿಲ್, ಮೇದಾಗ ಇಲ್ಲಿ ಕೂಲರ್ ಇಲ್ಲದ ಮನಿ ಇಲ್ಲ. ಕಂಪನಿ ಪ್ಲಾಸ್ಟಿಕ್ ಕೂಲರ್ ದೊಡ್ಡ ಮಳಿಗ್ಯಾಗ ಚಂದ ಕಾಣ್ತದ. ಆದ್ರ ನಾವು ಒಯ್ಯೂದು ಸೂಪರ್ ಮಾರ್ಕೆಟ್ ಅನ್ನೂ ಪ್ಯಾಟಿ ಕಡಿ ಮಂದಿ ತಗಡಿನಾಗ ಮಾಡಿದ ಕೂಲರ್. ಮೂರು ಕಡಿ ಹುಲ್ಲಿನ ಪ್ಯಾಡ್, ಒಳಗ ಎಕ್ಸಾಸ್ಟ್ ಫ್ಯಾನ್, ಸಣ್ಣ ಪಂಪ್. ಪ್ಯಾಡ್ ಹ್ವಾದ್ರ ಹೊಸಾದು, ಪಂಪ್ ಸುಟ್ರ ಹೊಸಾದು, ಅದ ದಿನ ಸಂಜಿಗೆ ಗಾಳಿ ಬರ್ತದ. ಕಂಪನಿ ಕೂಲರಿನ ಮೋಟಾರ್ ಹ್ವಾದ್ರ ಅದ ಅಳತೀದು ಬರೂತನಕ ಮಳಿಗಾಲ ಬಂದಿರ್ತದ. ನೀರು ಗಡಸು ಇರೂದ್ರಿಂದ ಎಲ್ಲಾ ಪಂಪೂ ಉಪ್ಪು ಕಟ್ಟತಾವ, ಹೋಗೂದು ಹೋಗೇ ಹೋಗ್ತಾವ. ಬಿಡಿಭಾಗ ಎಲ್ಲಿ ಸಿಗ್ತದ ಅನ್ನೂದು ಮದಲ ನೋಡ್ರಿ.

ಮಸ್ಕತ್_ಮನೆಮಗ

ನಾನು ಮಸ್ಕತ್‌ನಲ್ಲಿದ್ದೇನೆ, ತಂದೆ ತಾಯಿ ದಾವಣಗೆರೆಯಲ್ಲಿ. ಆನ್‌ಲೈನ್‌ನಲ್ಲಿ ಕಳಿಸಿದ ಮಷೀನನ್ನು ಡೆಲಿವರಿ ಹುಡುಗರು ಗೇಟಿನ ಹತ್ತಿರ ಇಳಿಸಿ ಹೋದರು. 70 ದಾಟಿದವರು ಅದನ್ನು ಒಳಗೆ ಹೇಗೆ ತರುತ್ತಾರೆ? ಕೊನೆಗೆ ಒಳಗೆ ತಂದು ಕೂರಿಸಿಕೊಟ್ಟದ್ದು ಬೀದಿ ಕೊನೆಯ ಅಂಗಡಿಯ ಹುಡುಗರು, ಅವರ ಹತ್ತಿರ ಕೊಂಡಿರಲೂ ಇಲ್ಲ. ಅಂದಿನಿಂದ ತಂದೆ ತಾಯಿಗೆ ಬೇಕಾದದ್ದೆಲ್ಲ ಅವರ ಹತ್ತಿರವೇ. ನಾನು ಇಲ್ಲಿಂದ ಯುಪಿಐ ಅಥವಾ ಬ್ಯಾಂಕ್ ಮೂಲಕ ಹಣ ಹಾಕುತ್ತೇನೆ, ಅವರು ಕೂರಿಸಿ, ಅಮ್ಮನಿಗೆ ತೋರಿಸಿಕೊಟ್ಟು, ಬಿಲ್ಲಿನ ಫೋಟೋ ಕಳಿಸುತ್ತಾರೆ. ಹೆಚ್ಚು ಕೊಡುತ್ತಿದ್ದೇನೆ ಅಂತ ಗೊತ್ತು, ಗೊತ್ತಿದ್ದೇ ಕೊಡುತ್ತಿದ್ದೇನೆ. ದೂರದಲ್ಲಿರುವ ಮಕ್ಕಳಿಗೆ ಆ ಹಣದಲ್ಲಿ ಸಿಗುವುದು ಮಷೀನ್ ಅಲ್ಲ, ಮನೆಗೆ ಹೋಗಿ ಬರುವ ಒಬ್ಬ ಮನುಷ್ಯ.

ತೀರ್ಥಹಳ್ಳಿ_ತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಹೋದ ವಾರ ಊರಿಗೆ ಹೋಗಿ ಅಪ್ಪನ ಜೊತೆ ಪೇಟೆ ಅಂಗಡಿಗೆ ಹೋದೆ.

ಮಾಡೆಲ್ ನಂಬರ್ ನೋಡಿದರೆ ಅರಸೀಕೆರೆ ಸರ್ ಹೇಳಿದ ಹಾಗೆಯೇ ಆಯಿತು. ಶಿವಮೊಗ್ಗದಲ್ಲಿ ನನಗೆ ತೋರಿಸಿದ್ದು 2 ಸ್ಟಾರ್, ಇಲ್ಲಿದ್ದದ್ದು 3 ಸ್ಟಾರ್. ಸ್ಟಾರ್ ತೋರಿಸುವ ಬಿಇಇ ಲೇಬಲ್ಲಿನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತದೆ, ಎರಡಕ್ಕೂ ಇರುವ ವ್ಯತ್ಯಾಸವನ್ನು ಯೂನಿಟ್‌ಗೆ ಆರೇಳು ರೂಪಾಯಿಯಂತೆ ಲೆಕ್ಕ ಹಾಕಿದೆ. ನಮಗೆ ಗೃಹಜ್ಯೋತಿಯ ಉಚಿತ ಕರೆಂಟ್ ಇದೆ. ಆದರೂ ಅದು 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ನಿಗದಿ ಮಾಡಿದ್ದು, ದಾಟಿದ್ದಕ್ಕೆ ನಾವೇ ಕಟ್ಟಬೇಕು. ಹೊಸದಾಗಿ ವಾಷಿಂಗ್ ಮಷೀನೂ ಬರುತ್ತಿರುವಾಗ ಒಂದೊಂದು ಯೂನಿಟ್ಟೂ ಲೆಕ್ಕಕ್ಕೆ ಬರುತ್ತದೆ. ಫ್ರಿಜ್ ಇಲ್ಲೇ ಅಂತ ತೀರ್ಮಾನ ಆಯಿತು.

ವಾಷಿಂಗ್ ಮಷೀನಿಗೆ ಅಂಗಡಿಯವರು ಮೊದಲು ಕೇಳಿದ್ದೇ "ನೀರು ಯಾವ್ದು?" ಅಂತ. ಸ್ಪ್ಯಾನರ್ ಸರ್, ನಿಮ್ಮ ನೆನಪಾಯಿತು. ಸೆಮಿ ಆಟೋಮ್ಯಾಟಿಕ್ ಅವರೇ ಹೇಳಿದರು, ಲಾಭ ಕಡಿಮೆ ಬರುವ ಮಾಡೆಲ್ ಅದು. ಅಮ್ಮನೇ ಮುಚ್ಚಳ ತೆಗೆದು ನೋಡಿ, ಬೆಲೆ ಮಾತಾಡಿದ್ದೂ ಅಮ್ಮನೇ. ಅಂಗಡಿಯವರು ಕೊನೆಯವರೆಗೂ ಅಮ್ಮನ ಹತ್ತಿರವೇ ಮಾತಾಡಿದರು. ಮಲ್ಲೇಶ್ವರದ ಮೇಡಂಗೆ ಇದನ್ನು ಹೇಳಲೇಬೇಕು ಅನ್ನಿಸಿತು.

ಬ್ಯಾಟರಿ ಕೂಡ ಇಲ್ಲೇ. 150 ಎಎಚ್ ಸಾಮರ್ಥ್ಯದ, ಟ್ಯೂಬ್ಯುಲರ್ ಅನ್ನುವ ಬಗೆಯದ್ದು. ಹಳೇ ಬ್ಯಾಟರಿಗೆ ಒಳ್ಳೆಯ ಬೆಲೆ ಕೊಟ್ಟರು. ವಾರಂಟಿಯಲ್ಲಿ ಹೋದರೆ ಹೊಸದು ಬರುವವರೆಗೆ ಅಂಗಡಿಯ ಒಂದು ಬ್ಯಾಟರಿ ಕೊಟ್ಟಿರುತ್ತಾರಂತೆ. ಜೂನ್, ಜುಲೈಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಕಂಪನಿ ಮೆಸ್ಕಾಂನವರು ಬರುವುದಕ್ಕೇ ದಿನಗಟ್ಟಲೆ ಆಗುವ ಊರು ನಮ್ಮದು. ಇದು ಬಹಳ ದೊಡ್ಡದು.

ಟಿವಿ ಮಾತ್ರ ಶಿವಮೊಗ್ಗದಲ್ಲಿ ತಗೊಳ್ಳುತ್ತೇನೆ. ನಾಲ್ಕು ಸಾವಿರ ಕಡಿಮೆ, ನೋಡಿ ಆರಿಸಲು ಹತ್ತಾರು ಇವೆ, ಕೆಟ್ಟರೂ ಮನೆಯ ಕೆಲಸ ನಿಲ್ಲುವುದಿಲ್ಲ. ಅಪ್ಪ ಒಪ್ಪಿದ್ದಾರೆ.

ಮಲ್ಲೇಶ್ವರದ_ಮನೆಯಾಕೆ

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಅಂಥ ಅಂಗಡಿ ನಮ್ಮ ಬೀದಿಯಲ್ಲಿದ್ದರೆ ನಾನೂ ಹೋಗುತ್ತೇನೆ. ಬೆಲೆ ಚೀಟಿ ಅಂಟಿಸಲಿ ಅನ್ನುವ ಮಾತನ್ನು ಮಾತ್ರ ಬಿಡುವುದಿಲ್ಲ.

ತುಮಕೂರು_ವಕೀಲ

ಬ್ಯಾಟರಿಯ ವಾರಂಟಿ ಕಾರ್ಡಿನಲ್ಲಿ ಅಂಗಡಿಯ ಸೀಲು, ದಿನಾಂಕ, ಬ್ಯಾಟರಿಯ ಮೇಲಿನ ಸೀರಿಯಲ್ ನಂಬರ್ ಈಗಲೇ ಬರೆಸಿ. "36+18" ಅಂತ ಇದ್ದರೆ ಮೊದಲ 36 ತಿಂಗಳು ಹೊಸದು ಕೊಡುತ್ತಾರೆ, ಆಮೇಲಿನ 18 ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ ಅಷ್ಟೇ.

ತೀರ್ಥಹಳ್ಳಿ_ತೋಟ

ಬರೆಸಿದ್ದೇನೆ ಸರ್. ಸ್ಪ್ಯಾನರ್ ಸರ್, ಕೊನೆಯದಾಗಿ ಒಂದು. ಫ್ರಿಜ್ ಜೀಪಿನಲ್ಲಿ ಬರಬೇಕು, ಮಣ್ಣು ರಸ್ತೆ. ಸ್ಟೆಬಿಲೈಸರ್ ಬೇಡ ಅಂತ ಫ್ರಿಜ್ ಮೇಲೇ ಬರೆದಿದೆ, ಅಂಗಡಿಯವರು ಬೇಕು ಅನ್ನುತ್ತಾರೆ. ಏನು ಮಾಡಲಿ?

ಸ್ಪ್ಯಾನರ್_ಮೈಸೂರು

ಜೀಪಿನಲ್ಲಿ ನಿಲ್ಲಿಸಿಕೊಂಡೇ ತನ್ನಿ, ಹಗ್ಗ ಬಿಗಿಯಾಗಿ ಕಟ್ಟಿಸಿ. ಮಲಗಿಸಲೇಬೇಕಾಗಿ ಬಂದರೆ ಮನೆಗೆ ಬಂದ ಮೇಲೆ ನೆಟ್ಟಗೆ ನಿಲ್ಲಿಸಿ, ಮಾರನೇ ದಿನ ಸ್ವಿಚ್ ಹಾಕಿ. ಕಂಪ್ರೆಸರಿನ ಎಣ್ಣೆ ಕೆಳಗೆ ಇಳಿಯಬೇಕು.

ಸ್ಟೆಬಿಲೈಸರ್ ಬೇಡ ಅಂತ ಬರೆದಿರುವುದು ಒಂದು ವೋಲ್ಟೇಜ್ ಮಿತಿಯೊಳಗೆ ಮಾತ್ರ, ಆ ಮಿತಿ ಮ್ಯಾನುಯಲ್‌ನಲ್ಲಿ ಇರುತ್ತದೆ. ಸಂಜೆ ಏಳರ ಹೊತ್ತಿಗೆ, ಊರಲ್ಲಿ ಎಲ್ಲರ ದೀಪ ಉರಿಯುವಾಗ ಒಮ್ಮೆ, ಹಗಲು ಪಂಪ್‌ಸೆಟ್ ಓಡುವಾಗ ಒಮ್ಮೆ, ಮನೆಯ ಪ್ಲಗ್ಗಿನಲ್ಲೇ ಅಳೆಸಿ. ಮಿತಿಗಿಂತ ಕೆಳಗೆ ಇಳಿಯುತ್ತಿದ್ದರೆ ಅಂಗಡಿಯವರ ಮಾತು ಕೇಳಿ, ಇಲ್ಲವಾದರೆ ಆ ದುಡ್ಡನ್ನು ಅರ್ತಿಂಗ್ ಗುಂಡಿಗೆ ಹಾಕಿ. ಜಂಬಿಟ್ಟಿಗೆ ನೆಲವಾದರೆ ಬೇಸಿಗೆಯಲ್ಲಿ ಗುಂಡಿ ಒಣಗಿಹೋಗುತ್ತದೆ, ಆಗಾಗ ನೀರು ಹೊಯ್ಯಲು ಅಪ್ಪನಿಗೆ ಹೇಳಿಡಿ. ಗುಡುಗು ಶುರುವಾದರೆ ಟಿವಿಯ ಪ್ಲಗ್ ಕೀಳಿ, ಡಿಶ್ ಕೇಬಲ್ಲನ್ನೂ ಬಿಚ್ಚಿ.